ಅಂಜಿದ ಮುಖವೂ ಅಭಯದಾನವೂ

ಕನ್ನಡನಾಡಿನ ಜೈನ ಶಾಸನಗಳನ್ನು ಓದುತ್ತ ಹೋದವರಿಗೆ ಒಂದು ಮಾತು ಮೇಲಿಂದ ಮೇಲೆ ಎದುರಾಗುವುದು: ಇಂಥ ದಂಡನಾಯಕನು, ಇಂಥ ಸೆಟ್ಟಿಯು, ಇಂಥ ಅರಸಿಯು ಆಹಾರ, ಅಭಯ, ಭೈಷಜ್ಯ, ಶಾಸ್ತ್ರಗಳೆಂಬ ಚತುರ್ವಿಧ ದಾನಗಳಲ್ಲಿ ನಿರತರಾಗಿದ್ದರೆಂದು ಶಾಸನಕವಿಗಳು ಕೊಂಡಾಡುವ ಮಾತು ಅದು. ಅನ್ನವನ್ನು ಕಣಜದಿಂದ ಅಳೆದು ಕೊಡಬಹುದು, ಔಷಧವನ್ನು ಅರೆದು ಕೊಡಬಹುದು, ಶಾಸ್ತ್ರವನ್ನು ಓಲೆಗರಿಯ ಮೇಲೆ ಬರೆಯಿಸಿ ಕೊಡಬಹುದು. ಅಭಯವನ್ನು ಮಾತ್ರ ಯಾವ ಕಣಜದಿಂದ ತೆಗೆದು ಯಾವ ಕೊಳಗದಿಂದ ಅಳೆಯುವುದೆಂಬುದು ನನಗೆ ಬಹುಕಾಲದ ಪ್ರಶ್ನೆಯಾಗಿ ಉಳಿದಿತ್ತು. ಹಾನಗಲ್ಲು ತಾಲೂಕಿನ ಆಡೂರಿನಲ್ಲಿ ಬಾದಾಮಿಯ ಚಾಲುಕ್ಯ ವಂಶದ ಕೀರ್ತಿವರ್ಮನ ಹೆಸರನ್ನು ಹೊತ್ತ ಶಾಸನವೊಂದುಂಟು. ಊರ ಗಾಮುಂಡನೊಬ್ಬನು ಕಟ್ಟಿಸಿದ ಜಿನಾಲಯದ ದಾನಶಾಲೆ ಮೊದಲಾದವುಗಳಿಗೆ ಭೂಮಿ ಬಿಟ್ಟ ಸಂಗತಿಯನ್ನು ಹೇಳುವ ಕಲ್ಲು ಅದು. ಆ ದಾನಶಾಲೆಯ ಬಾಗಿಲನ್ನು ಮನಸ್ಸಿನಲ್ಲಿ ಕಲ್ಪಿಸಿಕೊಂಡಾಗಲೆಲ್ಲ ನನಗೆ ಹೀಗೆ ತೋರಿದೆ: ಹಸಿದವನು ಬಂದರೆ ಅವನು ಒಡ್ಡಿದ ಬಟ್ಟಲೇ ಹಸಿವನ್ನು ಹೇಳುವುದು, ರೋಗಿಯು ಬಂದರೆ ಅವನ ಕೆಮ್ಮೋ ಕುಂಟೋ ರೋಗವನ್ನು ಹೇಳುವುದು; ಅಂಜಿದವನೊಬ್ಬನು ಓಡಿಬಂದು ಹೊಸ್ತಿಲಿನಲ್ಲಿ ನಿಂತರೆ, ಬಾಯಿಂದ ಮಾತು ಹೊರಡದ ಆ ಗಳಿಗೆಯಲ್ಲಿ, ಅವನ ಅಂಜಿಕೆಯು ಕೊಡುವವನಿಗೆ ಯಾವುದರಿಂದ ತಿಳಿಯಬೇಕು? ಮುಖದಿಂದಲ್ಲದೆ ಇನ್ನಾವುದರಿಂದಲೂ ಅಲ್ಲ. ಹಾಗಾದರೆ ಅಭಯದಾನದ ವಿಚಾರವು ಅಂಜಿದ ಮುಖವನ್ನು ಮನುಷ್ಯನು ಹೇಗೆ ಕಾಣುತ್ತಾನೆಂಬ ವಿಚಾರದಿಂದಲೇ ಮೊದಲಾಗಬೇಕು.

ನಮ್ಮ ಹಾವೇರಿ ಸೀಮೆಯಲ್ಲಿ ಹಟ್ಟಿಹಬ್ಬದ ತರುವಾಯ ಹೋರಿ ಬೆದರಿಸುವ ಸ್ಪರ್ಧೆಗಳು ನಡೆಯುವುದನ್ನು ಎಲ್ಲರೂ ಬಲ್ಲರು. ಮೈಮೇಲೆ ಜೂಲು, ಕೋಡಿಗೆ ಬಲೂನು ರಿಬ್ಬನ್ನು, ಕೊರಳಿಗೆ ಒಣಕೊಬ್ಬರಿಯ ಸರ ಕಟ್ಟಿಸಿಕೊಂಡ ಹೋರಿಯು ಜನರ ನಡುವಣ ಇಕ್ಕಟ್ಟಾದ ದಾರಿಯಲ್ಲಿ ಬಾಣದಂತೆ ನುಗ್ಗುವುದು. ಕೊಬ್ಬರಿ ಹರಿಯಲು ಹುಡುಗರು ಅದರ ಮೈಮೇಲೆ ಬೀಳುವರು. ಬಾಲ್ಯದಲ್ಲಿ ಇಂಥದೊಂದು ಓಟವನ್ನು ನೋಡಲು ನಿಂತಿದ್ದಾಗ ನಡೆದುದನ್ನು ಇಲ್ಲಿ ಹೇಳಬೇಕು. ನಾನು ನೋಡುತ್ತಿದ್ದುದು ಹೋರಿಯನ್ನಲ್ಲ, ದಾರಿಯ ಆಚೆಯ ಬದಿಗೆ ನಿಂತಿದ್ದ ಒಬ್ಬ ಅಪರಿಚಿತನನ್ನು. ಒಮ್ಮೆಲೇ ಅವನ ಹುಬ್ಬು ಮೇಲಕ್ಕೆ ಹೋಯಿತು, ಕಣ್ಣಾಲಿಯ ಸುತ್ತ ಬಿಳುಪು ಕಂಡಿತು, ಬಾಯಿ ಅರೆತೆರೆಯಿತು. ಅಷ್ಟೇ ನನಗೆ ನೆನಪಿರುವುದು. ಮರುಗಳಿಗೆಯಲ್ಲಿ ನಾನು ಹಿಂದಿನ ಮನೆಯ ಕಟ್ಟೆಯ ಮೇಲೆ ಇದ್ದೆನು. ನಾನು ನಿಂತಿದ್ದ ತಾಣದ ಮೇಲೆ, ಕಟ್ಟಿದ್ದ ಗಳಗಳನ್ನು ಮುರಿದುಕೊಂಡು, ಹೋರಿಯು ಹಾದುಹೋಗಿತ್ತು. ಹೋರಿ ಬರುತ್ತಿದೆಯೆಂದು ನಾನು ತಿಳಿದು ಹಾರಲಿಲ್ಲ. ಹಾರಿದ ಮೇಲೆ ತಿಳಿದೆನು. ಇನ್ನೊಬ್ಬನ ಮುಖದಲ್ಲಿ ಮೂಡಿದ ಭಯವು ನನ್ನ ಬುದ್ಧಿಯನ್ನು ಕೇಳದೆ ನನ್ನ ಕಾಲುಗಳೊಡನೆ ಮಾತಾಡಿತ್ತು. ಆ ಮನುಷ್ಯನು ನನಗೆ ಪ್ರಾಣವನ್ನು ಕೊಟ್ಟನು. ಕೊಟ್ಟೆನೆಂಬುದು ಅವನಿಗೆ ಗೊತ್ತಿಲ್ಲ.

ಈ ಮುಖಚರ್ಯೆಯನ್ನು ನಮ್ಮ ಪೂರ್ವಿಕರು ಲಕ್ಷ್ಯವಿಟ್ಟು ನೋಡಿದ್ದರು. ಭರತನ ನಾಟ್ಯಶಾಸ್ತ್ರವು ಭಯವನ್ನು ಎಂಟು ಸ್ಥಾಯಿಭಾವಗಳಲ್ಲಿ ಒಂದಾಗಿ ಎಣಿಸಿ, ಅದರಿಂದ ಹುಟ್ಟುವ ಭಯಾನಕ ರಸಕ್ಕೆ ಕಪ್ಪು ಬಣ್ಣವನ್ನೂ ಕಾಲನೆಂಬ ಅಧಿದೇವತೆಯನ್ನೂ ಹೇಳಿ, ನಟನು ರೆಪ್ಪೆಗಳನ್ನು ಮೇಲೆತ್ತಿ ಕಣ್ಣಾಲಿಗಳನ್ನು ಹೊಳೆಯಿಸಿ ಹೊರಳಿಸಬೇಕಾದ ಕ್ರಮವನ್ನು ವಿಧಿಸಿದೆ. ಸ್ತಂಭ, ಸ್ವೇದ, ರೋಮಾಂಚ, ವೇಪಥು, ವೈವರ್ಣ್ಯ ಮೊದಲಾದ ಸಾತ್ತ್ವಿಕ ಭಾವಗಳನ್ನು ಇತರ ಅನುಭಾವಗಳಿಂದ ಬೇರ್ಪಡಿಸಿ, ಇವು ಮನಸ್ಸಿನ ಏಕಾಗ್ರತೆಯಿಂದಲ್ಲದೆ ಬರಿಯ ಅನುಕರಣದಿಂದ ಬಾರವೆಂದು ಹೇಳಿದುದು ಆ ಗ್ರಂಥದ ಸೂಕ್ಷ್ಮದೃಷ್ಟಿಗೆ ಸಾಕ್ಷಿ. ಬೆವರು ನಮ್ಮ ಇಚ್ಛೆಗೆ ಅಧೀನವಲ್ಲ. ಭಯಕ್ಕೆ ಇಚ್ಛೆಯನ್ನು ಮೀರಿದ ಒಂದು ಮಾರ್ಗವುಂಟೆಂಬುದನ್ನು ಡಾರ್ವಿನನು ತನ್ನ ಮೇಲೆಯೇ ಪರೀಕ್ಷಿಸಿದನು. ೧೮೭೨ರಲ್ಲಿ ಪ್ರಕಟವಾದ, ಮನುಷ್ಯ ಮತ್ತು ಪ್ರಾಣಿಗಳ ಭಾವಾಭಿವ್ಯಕ್ತಿಯನ್ನು ಕುರಿತ ತನ್ನ ಗ್ರಂಥದಲ್ಲಿ ಅವನು ಬರೆದಿರುವಂತೆ, ಲಂಡನ್ನಿನ ಪ್ರಾಣಿಸಂಗ್ರಹಾಲಯದಲ್ಲಿ ವಿಷಸರ್ಪವೊಂದರ ಎದುರಿನ ದಪ್ಪ ಗಾಜಿಗೆ ಮುಖವನ್ನು ಒಡ್ಡಿ, ಹಾವು ಎರಗಿದರೂ ಹಿಂಜರಿಯೆನೆಂದು ದೃಢಸಂಕಲ್ಪ ಮಾಡಿ ನಿಂತನು, ಹಾವು ಎರಗಿತು, ಸಂಕಲ್ಪವು ಎಲ್ಲಿ ಹೋಯಿತೋ, ಅವನು ಒಂದೆರಡು ಗಜ ಹಿಂದಕ್ಕೆ ಹಾರಿದ್ದನು. ಅಂಜಿದ ಮುಖದ ಆಕಾರವೂ ನಿಷ್ಪ್ರಯೋಜಕವಲ್ಲ. ೨೦೦೮ರಲ್ಲಿ ಟೊರಾಂಟೋ ವಿಶ್ವವಿದ್ಯಾಲಯದ ಸಂಶೋಧಕರು ಅಳೆದು ತೋರಿಸಿರುವಂತೆ, ಭಯದ ಮುಖವನ್ನು ತಾಳಿದವನ ದೃಷ್ಟಿಯ ಹರವು ಹಿಗ್ಗುತ್ತದೆ, ಕಣ್ಣು ಬೇಗ ಬೇಗ ಚಲಿಸುತ್ತದೆ, ಮೂಗಿನೊಳಗೆ ಹೆಚ್ಚು ಗಾಳಿ ಹರಿಯುತ್ತದೆ. ಜುಗುಪ್ಸೆಯ ಮುಖದಲ್ಲಿ ಇವೆಲ್ಲವೂ ಕುಗ್ಗುತ್ತವೆ. ಅಂಜಿದವನು ಲೋಕವನ್ನು ಒಳಕ್ಕೆ ಎಳೆದುಕೊಳ್ಳುತ್ತಾನೆ, ಹೇಸಿದವನು ಹೊರಕ್ಕೆ ನೂಕುತ್ತಾನೆ.

ಇನ್ನು ನೋಡುವವನ ಒಳಗೆ ನಡೆಯುವ ವ್ಯಾಪಾರ. ಎರಡೂ ಕಿವಿಗಳ ನೇರಕ್ಕೆ, ಮಿದುಳಿನ ಪಕ್ಕದ ಹಾಲೆಗಳ ಆಳದಲ್ಲಿ, ಅತ್ತ ಒಂದು ಇತ್ತ ಒಂದು ಎಂಬಂತೆ ಎರಡು ಪುಟ್ಟ ನರಕೋಶಗಳ ಗುಂಪುಗಳಿವೆ. ಆಕಾರದಲ್ಲಿ ಬಾದಾಮಿಯ ಬೀಜವನ್ನು ಹೋಲುವುದರಿಂದ ಅಂಗರಚನಾಶಾಸ್ತ್ರಜ್ಞರು ಗ್ರೀಕ್ ಭಾಷೆಯ ಬಾದಾಮಿಯ ಹೆಸರನ್ನೇ ಇವಕ್ಕೆ ಇಟ್ಟು ಅಮಿಗ್ಡಲ ಎಂದು ಕರೆದರು. ಭಯಚಕಿತ ಮುಖದ ಚಿತ್ರವನ್ನು ತೋರಿಸಿದಾಗ ಸಂತೋಷದ ಮುಖಕ್ಕಿಂತ ಹೆಚ್ಚಾಗಿ ಈ ಬಾದಾಮಿಯು ಚೇತನಗೊಳ್ಳುವುದನ್ನು ೧೯೯೬ರಲ್ಲಿ ಮಿದುಳಿನ ರಕ್ತಸಂಚಾರವನ್ನು ಚಿತ್ರಿಸುವ ಯಂತ್ರಗಳಿಂದ ಕಂಡರು. ಎರಡು ವರುಷಗಳ ತರುವಾಯ, ಆ ಮುಖವನ್ನು ಸೆಕೆಂಡಿನ ಮೂವತ್ತರಲ್ಲೊಂದು ಪಾಲಿನಷ್ಟು ಹೊತ್ತು ಮಾತ್ರ ತೋರಿಸಿ ತಕ್ಷಣವೇ ಭಾವಶೂನ್ಯವಾದ ಇನ್ನೊಂದು ಮುಖದಿಂದ ಮುಚ್ಚಿಬಿಟ್ಟರೂ, ನೋಡಿದವರು ಭಯದ ಮುಖವನ್ನು ಕಂಡೇ ಇಲ್ಲವೆಂದರೂ, ಅಮಿಗ್ಡಲವು ಅದನ್ನು ಕಂಡಿತ್ತೆಂಬುದು ತಿಳಿಯಿತು. ೨೦೦೪ರಲ್ಲಿ ಇದೇ ಸಂಶೋಧಕರ ಬಳಗವು ಮುಖವನ್ನೆಲ್ಲ ಬಿಟ್ಟು ಕಣ್ಣಿನ ಬಿಳುಪನ್ನಷ್ಟೇ, ಸೆಕೆಂಡನ್ನು ಸಾವಿರ ಪಾಲು ಮಾಡಿದರೆ ಅದರಲ್ಲಿ ಹದಿನೇಳು ಪಾಲಿನಷ್ಟು ಹೊತ್ತು ತೋರಿಸಿತು. ಅಷ್ಟೇ ಸಾಕಾಯಿತು. ದಾರಿಯ ಆಚೆ ನಿಂತವನ ಮುಖದಲ್ಲಿ ನಾನು ಕಂಡುದು ಬಿಳುಪನ್ನು ಎಂದೆನಲ್ಲವೆ? ವಾನರಗಳಲ್ಲೆಲ್ಲ ಮನುಷ್ಯನ ಕಣ್ಣಿಗೇ ಬಿಳುಪು ಹೆಚ್ಚು. ತನ್ನ ನೋಟವು ಎತ್ತ ಹೊರಳಿದೆಯೆಂಬುದನ್ನು ಮತ್ತೊಬ್ಬರಿಂದ ಮರೆಮಾಡಲಾರದ ಪ್ರಾಣಿ ಅವನು.

ಕಣ್ಣಿನಿಂದ ಬಂದ ಸುದ್ದಿಯು ಥಾಲಮಸ್ ಎಂಬ ನಡುಮನೆಗೆ ಬಂದು, ಅಲ್ಲಿಂದ ಮಿದುಳಿನ ಹಿಂಬದಿಯ ದೃಷ್ಟಿಕ್ಷೇತ್ರಕ್ಕೆ ಹೋಗಿ, ಸಾವಧಾನವಾಗಿ ವಿವೇಚನೆಗೊಂಡು ಮುಂದಕ್ಕೆ ಸಾಗುವುದು ಹೆದ್ದಾರಿ. ಜೋಸೆಫ್ ಲೆಡೂ ಎಂಬ ವಿಜ್ಞಾನಿಯು, ಇಲಿಗಳು ಅಂಜಿಸುವ ಸದ್ದನ್ನು ಕೇಳಿದಾಗ ಸುದ್ದಿಯು ಈ ಹೆದ್ದಾರಿಯನ್ನು ಬಿಟ್ಟು ಥಾಲಮಸಿನಿಂದ ನೆಟ್ಟಗೆ ಅಮಿಗ್ಡಲಕ್ಕೆ ಕಾಲುದಾರಿಯಲ್ಲಿ ಹೋಗುವುದನ್ನು ತೋರಿಸಿದನು. ಮನುಷ್ಯನ ನೋಟಕ್ಕೂ ಇಂಥ ಕಾಲುದಾರಿಯುಂಟೆ ಎಂಬ ವಿಷಯದಲ್ಲಿ ವಿದ್ವಾಂಸರೊಳಗೆ ಏಕಾಭಿಪ್ರಾಯವಿಲ್ಲ. ದೃಷ್ಟಿಕ್ಷೇತ್ರವು ಹಾನಿಗೊಂಡು ಕುರುಡರಾದವರಲ್ಲಿ ಕೆಲವರು ಎದುರಿಗಿರುವ, ತಮಗೆ ಕಾಣಿಸದ ಮುಖದ ಭಾವವನ್ನು ಊಹೆಯಿಂದ ಸರಿಯಾಗಿ ಹೇಳುವುದು ಒಂದು ಪಕ್ಷಕ್ಕೆ ಆಧಾರ. ಲೂಯಿಸ್ ಪೆಸ್ಸೋವಾ, ರಾಲ್ಫ್ ಅಡಾಲ್ಫ್ಸ್ ಎಂಬವರು ೨೦೧೦ರಲ್ಲಿ, ದಾರಿ ಒಂದಲ್ಲ ಎರಡಲ್ಲ, ಅನೇಕವೆಂದೂ ದೃಷ್ಟಿಕ್ಷೇತ್ರವೇ ಸಾಕಷ್ಟು ಶೀಘ್ರವೆಂದೂ ವಾದಿಸಿದರು. ೨೦೧೬ರಲ್ಲಿ, ಚಿಕಿತ್ಸೆಗಾಗಿ ಮಿದುಳಿನೊಳಗೇ ವಿದ್ಯುತ್ ತಂತಿಗಳನ್ನಿಟ್ಟ ರೋಗಿಗಳಲ್ಲಿ, ಅಂಜಿದ ಮುಖ ಕಂಡ ೭೪ ಮಿಲಿಸೆಕೆಂಡಿಗೇ ಅಮಿಗ್ಡಲವು ಸ್ಪಂದಿಸಿದುದನ್ನು ಅಳೆದರು. ದಾರಿ ಯಾವುದೇ ಇರಲಿ, ನಮ್ಮ ವಿಚಾರಕ್ಕೆ ಬೇಕಾದುದು ಇಷ್ಟು: ನಾನು ಎಂದು ಹೇಳಿಕೊಳ್ಳುವ ಯಾವುದುಂಟೋ ಅದು ಎಚ್ಚರಗೊಳ್ಳುವ ಮುನ್ನವೇ, ಎದುರಿನವನ ಭಯವು ನನ್ನೊಳಗೆ ಬಂದು ಸೇರಿರುತ್ತದೆ. ಮೊದಲ ಆ ಕ್ಷಣದಲ್ಲಿ ಪುಣ್ಯವೂ ಇಲ್ಲ, ಪಾಪವೂ ಇಲ್ಲ.

ಇಷ್ಟರಿಂದ, ಭಯದ ಮುಖವು ಲೋಕದಲ್ಲೆಲ್ಲ ಒಂದೇ ಅಕ್ಷರದಂತೆ ಓದಿಸಿಕೊಳ್ಳುವುದೆಂದು ತಿಳಿಯಬಾರದು. ಪಪುವಾ ನ್ಯೂಗಿನಿಯ ಟ್ರೋಬ್ರಿಯಾಂಡ್ ದ್ವೀಪವಾಸಿಗಳು ಕಣ್ಣರಳಿಸಿ ಬಾಯ್ದೆರೆದ ಅದೇ ಮುಖವನ್ನು ಅಂಜಿದ ಮುಖವೆಂದಲ್ಲ, ಅಂಜಿಸುವ ಮುಖವೆಂದು ಓದುವರೆಂದು ೨೦೧೬ರ ಒಂದು ಅಧ್ಯಯನವು ತೋರಿಸಿದೆ. ನಮ್ಮ ದೊಡ್ಡಾಟದ ರಾಕ್ಷಸ ಪಾತ್ರದ ಕಣ್ಣನ್ನು ನೆನೆದರೆ ಇದು ಅಷ್ಟೇನೂ ವಿಚಿತ್ರವೆನಿಸದು. ಮುಖದ ಓದುವಿಕೆಯಲ್ಲಿ ದೇಶಭಾಷೆಗಳ ಪಾಲಿರುವುದರಿಂದಲೇ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ವೈದ್ಯರು, ಪರದೇಶದ ಮುಖಗಳ ಚಿತ್ರಗಳನ್ನು ನೆಚ್ಚದೆ, ಭಾರತೀಯ ನಟನಟಿಯರ ಮುಖಗಳಿಂದಲೇ ಭಾವಗಳನ್ನು ಗುರುತಿಸುವ ಪರೀಕ್ಷಾಸಾಧನವೊಂದನ್ನು ಸಿದ್ಧಪಡಿಸಿ, ಸ್ಕಿಜೋಫ್ರೇನಿಯಾದಿಂದ ಬಳಲುವವರು ಎದುರಿನವರ ಭಾವವನ್ನು ತಪ್ಪಾಗಿ ಓದುವ ಬಗೆಯನ್ನು ಪರಿಶೀಲಿಸಿದರು. ಸುತ್ತಲಿನ ಮುಖಗಳನ್ನು ಓದಲಾರದವನು ಜನಸಂದಣಿಯ ನಡುವೆಯೂ ಎಂಥ ಅಡವಿಯಲ್ಲಿ ಬಾಳುತ್ತಿರಬೇಕೆಂಬುದನ್ನು ನೆನೆದರೆ ಎದೆ ಕರಗುತ್ತದೆ.

ಈಗ ಪ್ರಶ್ನೆಯ ಹೃದಯಕ್ಕೆ ಬರೋಣ. ಅಮೆರಿಕದ ಅಯೋವಾದಲ್ಲಿ ವಿಜ್ಞಾನಿಗಳು ಎಸ್.ಎಂ. ಎಂಬ ಎರಡಕ್ಷರಗಳಿಂದ ಮಾತ್ರ ಕರೆಯುವ ಮಹಿಳೆಯೊಬ್ಬಳುಂಟು. ಅತಿ ವಿರಳವಾದ ಆನುವಂಶಿಕ ವ್ಯಾಧಿಯೊಂದರಿಂದ ಆಕೆಯ ಎರಡೂ ಬಾದಾಮಿಗಳು ನಾಶವಾಗಿವೆ. ಆಕೆ ಮುಖಗಳನ್ನು ಗುರುತಿಸಬಲ್ಲಳು, ಸಂತೋಷವನ್ನೂ ದುಃಖವನ್ನೂ ಓದಬಲ್ಲಳು. ಆದರೆ ಭಯವನ್ನು ಮಾತ್ರ ಓದಲಾರಳೆಂದು ೧೯೯೪ರಲ್ಲಿ ಅಡಾಲ್ಫ್ಸ್ ಮತ್ತು ಸಂಗಡಿಗರು ಪ್ರಕಟಿಸಿದರು. ಒಂದೊಂದು ಭಾವದ ಮುಖವನ್ನು ಬರೆದು ತೋರಿಸೆಂದಾಗ ಉಳಿದವನ್ನು ಚೆನ್ನಾಗಿ ಬರೆದ ಆಕೆ, ಭಯದ ಸರದಿ ಬಂದಾಗ ಮುಖವನ್ನು ಬಿಟ್ಟು ಅಂಬೆಗಾಲಿಡುವ ಕೂಸೊಂದನ್ನು ಬರೆದಳು. ಹಾವುಗಳ ಅಂಗಡಿಗೆ ಕರೆದೊಯ್ದರೆ ಕುತೂಹಲದಿಂದ ಹಾವನ್ನು ಕೈಗೆತ್ತಿಕೊಂಡಳು. ದೆವ್ವದ ಮನೆಗೆ ಕರೆದೊಯ್ದರೆ ನಕ್ಕಳು. ಚೂರಿ ತೋರಿಸಿದವರು, ಬಂದೂಕು ಹಿಡಿದವರು ಆಕೆಯ ಬದುಕಿನಲ್ಲಿ ಬಂದಿದ್ದಾರೆ. ಆಗಲೂ ಆಕೆಗೆ ಭಯವಾದುದಿಲ್ಲ. ಅಪಾಯದ ದಾರಿಯನ್ನು ಮರುದಿನ ಬಿಡಬೇಕೆಂಬುದೂ ಆಕೆಗೆ ತೋರಿದುದಿಲ್ಲ.

ಭಗವದ್ಗೀತೆಯ ಹದಿನಾರನೆಯ ಅಧ್ಯಾಯವು ದೈವೀ ಸಂಪತ್ತನ್ನು ಎಣಿಸುವಾಗ ಅಭಯವನ್ನು ಎಲ್ಲಕ್ಕೂ ಮೊದಲಿಟ್ಟಿದೆ. ಬೃಹದಾರಣ್ಯಕದಲ್ಲಿ ಯಾಜ್ಞವಲ್ಕ್ಯನು ಜನಕನಿಗೆ ಕೊಡುವ ಪ್ರಶಂಸೆಯು, ನೀನು ಅಭಯವನ್ನು ಪಡೆದಿರುವೆ ಎಂಬುದೇ. ಎರಡು ಬಾದಾಮಿಗಳು ಬತ್ತಿಹೋದ ಮಾತ್ರಕ್ಕೆ ದೊರೆಯುವ ಸ್ಥಿತಿಯನ್ನೇ ಋಷಿಗಳು ಜನ್ಮಜನ್ಮಾಂತರದ ಸಾಧನೆಯ ಫಲವೆಂದು ಹೇಳಿದರೆ? ಈ ಸಂಶಯವನ್ನು ನಾನು ಹಗುರವಾಗಿ ಎತ್ತುತ್ತಿಲ್ಲ. ಶ್ರದ್ಧೆಯುಳ್ಳವನಿಗೆ ಇದು ನಿಜವಾದ ಕಾಟ. ಯೋಗಸೂತ್ರಕಾರನು ಸಾವಿನ ಅಂಜಿಕೆಯಾದ ಅಭಿನಿವೇಶವು ವಿದ್ವಾಂಸನಲ್ಲಿಯೂ ತನ್ನ ಸಹಜ ರಸದಿಂದಲೇ ಹರಿಯುತ್ತದೆಂದು ಒಪ್ಪಿಕೊಂಡಿದ್ದಾನೆ; ಹಾಗೆ ಹರಿಯುವ ಹೊಳೆಯ ಊಟೆಯನ್ನೇ ರೋಗವು ಬತ್ತಿಸಿದರೆ ಅದಕ್ಕೆ ಮುಕ್ತಿಯೆಂದು ಹೆಸರೆ?

ಅಲ್ಲವೆನ್ನಲು ವಿಜ್ಞಾನವೇ ಎರಡು ಸಂಗತಿಗಳನ್ನು ಕೊಟ್ಟಿದೆ. ಮೊದಲನೆಯದು: ೨೦೧೩ರಲ್ಲಿ, ಇಂಗಾಲದ ಡೈಆಕ್ಸೈಡು ಬೆರೆತ ಗಾಳಿಯನ್ನು ಒಮ್ಮೆ ಉಸಿರಾಡಿಸಿದಾಗ, ಹಾವಿಗೂ ಚೂರಿಗೂ ಅಂಜದಿದ್ದ ಎಸ್.ಎಂ. ಉಸಿರು ಕಟ್ಟಿದ ಭೀತಿಯಿಂದ ತತ್ತರಿಸಿದಳು. ಹೊರಗಿನಿಂದ ಬರುವ ಭಯಕ್ಕೆ ಬಾಗಿಲು ಮುಚ್ಚಿತ್ತು, ಆದರೆ ಒಳಗೆ ಭಯವು ಹಾಗೆಯೇ ಇತ್ತು. ಎರಡನೆಯ ಸಂಗತಿಯು ನನ್ನನ್ನು ಇನ್ನೂ ಆಳವಾಗಿ ಕಲಕಿತು. ಆಕೆ ಭಯದ ಮುಖವನ್ನು ಏಕೆ ಓದಲಾರಳೆಂಬುದನ್ನು ಹನ್ನೊಂದು ವರುಷಗಳ ತರುವಾಯ ಅಡಾಲ್ಫ್ಸನೇ ಮತ್ತೆ ಪರೀಕ್ಷಿಸಿ, ೨೦೦೫ರಲ್ಲಿ ಹೀಗೆ ಹೇಳಿದನು: ಆಕೆಯ ನೋಟವು ಎದುರಿನವರ ಕಣ್ಣಿಗೆ ಹೋಗುವುದೇ ಇಲ್ಲ. ಮೂಗು ಬಾಯಿಗಳ ಸುತ್ತ ಸುಳಿದು ಹಿಂದಿರುಗುವುದು. ಕಣ್ಣನ್ನು ನೋಡು ಎಂದು ಬಾಯಿಬಿಟ್ಟು ಹೇಳಿದಾಗ, ಅಷ್ಟೇ ಹೇಳಿದಾಗ, ಆಕೆ ಭಯವನ್ನು ಇತರರಂತೆಯೇ ಗುರುತಿಸಿದಳು. ಹೇಳುವುದನ್ನು ನಿಲ್ಲಿಸಿದೊಡನೆ ನೋಟವು ಮತ್ತೆ ಜಾರಿತು.

ಇದನ್ನು ಓದಿದಂದಿನಿಂದ ಅಮಿಗ್ಡಲವನ್ನು ಭಯದ ಗೂಡೆಂದು ನೆನೆಯುವುದು ನನಗೆ ಸಾಧ್ಯವಾಗಿಲ್ಲ. ಅದು ನಮ್ಮ ಗಲ್ಲವನ್ನು ಹಿಡಿದು ಮತ್ತೊಬ್ಬರ ಕಣ್ಣಿನ ಕಡೆಗೆ ತಿರುಗಿಸುವ ಕೈಯಂತೆ ತೋರುತ್ತದೆ. ಆರೋಗ್ಯವುಳ್ಳ ನಮಗೆ ಆ ಕೈ ಹುಟ್ಟಿನಿಂದಲೇ ಬಂದಿದೆ. ಆದರೂ ಎಷ್ಟು ಸಲ ನಾವು ಗಲ್ಲವನ್ನು ಕೊಸರಿಕೊಳ್ಳುವುದಿಲ್ಲ! ಹೆಂಡತಿಯ ಮುಖದಲ್ಲಿ, ಕೂಲಿಯವನ ಮುಖದಲ್ಲಿ, ಶಾಲೆಯ ಮಗುವಿನ ಮುಖದಲ್ಲಿ ನಮ್ಮಿಂದಲೇ ಮೂಡಿದ ಅಂಜಿಕೆಯನ್ನು ಕಂಡಕೂಡಲೇ ಕಿಟಕಿಯ ಕಡೆಗೋ ಕಾಗದದ ಕಡೆಗೋ ನೋಡುವುದನ್ನು ನಮಗೆ ಯಾವ ರೋಗವೂ ಕಲಿಸಿಲ್ಲ. ಮೊದಲ ಕ್ಷಣವು ನಮ್ಮದಲ್ಲವೆಂದು ಆಗಲೇ ಹೇಳಿದೆನು. ನೋಟವನ್ನು ನಿಲ್ಲಿಸುವ ಎರಡನೆಯ ಕ್ಷಣವು ನಮ್ಮದು, ಧರ್ಮಕ್ಕೆ ಎಡೆಯಿರುವುದು ಅಲ್ಲಿ.

ಅಬಿಗೇಲ್ ಮಾರ್ಷ್ ಎಂಬ ಮನಶ್ಶಾಸ್ತ್ರಜ್ಞೆಯ ಕೆಲಸವನ್ನು ಇಲ್ಲಿ ಸ್ಮರಿಸಬೇಕು. ೨೦೦೮ರಲ್ಲಿ ಆಕೆ ಮತ್ತು ಜೊತೆಯವರು, ಪರರ ನೋವಿಗೆ ಕರಗದ ಕ್ರೂರಸ್ವಭಾವದ ಮಕ್ಕಳಲ್ಲಿ ಅಂಜಿದ ಮುಖಕ್ಕೆ ಅಮಿಗ್ಡಲವು ಮಂದವಾಗಿ ಸ್ಪಂದಿಸುವುದನ್ನು ಕಂಡರು. ಆರು ವರುಷಗಳ ಬಳಿಕ, ಗುರುತುಪರಿಚಯವಿಲ್ಲದವರಿಗೆ ತಮ್ಮ ಮೂತ್ರಪಿಂಡವನ್ನು ಕೊಟ್ಟ ೧೯ ಮಂದಿಯ ಮಿದುಳನ್ನು ಪರೀಕ್ಷಿಸಿದಾಗ ಅವರ ಬಲಗಡೆಯ ಅಮಿಗ್ಡಲವು ಸಾಮಾನ್ಯರದಕ್ಕಿಂತ ದೊಡ್ಡದಾಗಿಯೂ ಅಂಜಿದ ಮುಖಕ್ಕೆ ಹೆಚ್ಚು ಚುರುಕಾಗಿಯೂ ಇತ್ತು. ಮಂದಿಯ ಎಣಿಕೆ ಸಣ್ಣದು, ದಯೆಯೆಲ್ಲವೂ ಒಂದು ಬೀಜದಲ್ಲಿ ಅಡಗಿದೆಯೆಂದರೆ ಅತಿಮಾತಾದೀತು, ಎಸ್.ಎಂ.ಳೂ ಸ್ನೇಹಶೀಲೆ, ಮಕ್ಕಳನ್ನು ಸಾಕಿದ ತಾಯಿ, ನಿರ್ದಯಳೇನಲ್ಲ. ಆದರೂ ಈ ಫಲಿತಾಂಶವು ನಮ್ಮ ರೂಢಿಯ ಎಣಿಕೆಯನ್ನು ಬುಡಮೇಲು ಮಾಡುತ್ತದೆ. ದಾನಿಯೆಂದರೆ ಅಂಜದವನು, ಗಟ್ಟಿಗುಂಡಿಗೆಯವನು ಎಂದು ನಾವು ತಿಳಿದಿದ್ದೆವು. ಪರರ ಅಂಜಿಕೆಗೆ ಅತಿ ಬೇಗ ನಡುಗುವವನೇ ಅಂಗವನ್ನು ಕೊಯ್ದುಕೊಟ್ಟಿದ್ದಾನೆ.

ಹಾಗಾದರೆ ಉಪನಿಷತ್ತಿನ ಅಭಯದ ಅರ್ಥವೇನು? ಬೃಹದಾರಣ್ಯಕದಲ್ಲಿಯೇ ಇನ್ನೊಂದು ಕಥೆಯುಂಟು: ಆದಿಯಲ್ಲಿ ಒಬ್ಬಂಟಿಗನಾಗಿದ್ದ ಪ್ರಜಾಪತಿಯು ಅಂಜಿದನು; ಅನಂತರ, ತನ್ನ ಹೊರತು ಮತ್ತೇನೂ ಇಲ್ಲದಿರುವಾಗ ಅಂಜುವುದು ಯಾರಿಗೆಂದು ವಿಚಾರಿಸಿದನು; ಎರಡನೆಯದರಿಂದಲ್ಲವೆ ಭಯ ಬರುವುದು? ಅವನ ಭಯವು ತೊಲಗಿತು. ಈ ಕಥೆಯನ್ನು, ಎರಡನೆಯವನನ್ನು ಅಳಿಸಿಬಿಟ್ಟು ನಿರ್ಭಯವಾಗಿರುವ ಉಪದೇಶವೆಂದು ಓದುವವರುಂಟು. ಎದುರಿನವರ ಕಣ್ಣಿಗೆ ನೋಟ ಹೋಗದವಳ ನಿರ್ಭಯವು ಆ ಬಗೆಯದು. ಅಲ್ಲಿ ಎರಡನೆಯವನೇ ಇಲ್ಲ. ನನಗೆ ತೋರುವ ಅರ್ಥವು ಬೇರೆ. ಎರಡನೆಯವನು ಎದುರಿಗೇ ಇದ್ದು, ಅವನ ಭಯವೂ ಕಣ್ಣಿಗೆ ಕಾಣುತ್ತಿದ್ದು, ಅವನು ಎರಡನೆಯವನಾಗಿ ಉಳಿಯದೆ ಹೋಗುವುದೇ ಅಭಯ. ಸಂನ್ಯಾಸವನ್ನು ಸ್ವೀಕರಿಸುವವನು ಸಕಲ ಭೂತಗಳಿಗೂ ತನ್ನಿಂದ ಅಭಯವೆಂದು ಮಾತು ಕೊಟ್ಟು ಮನೆಯಿಂದ ಹೊರಡುವನೆಂಬುದನ್ನು ಗಮನಿಸಬೇಕು. ತಾನು ಇನ್ನುಮುಂದೆ ಅಂಜೆನೆಂದು ಅವನು ಪ್ರತಿಜ್ಞೆ ಮಾಡುವುದಿಲ್ಲ, ತನಗೆ ಇನ್ನುಮುಂದೆ ಯಾರೂ ಅಂಜಬೇಕಾಗಿಲ್ಲವೆಂದು ಮಾಡುತ್ತಾನೆ. ಜೈನರು ಅದನ್ನು ದಾನಗಳ ಪಟ್ಟಿಯಲ್ಲಿ ಸೇರಿಸಿದುದೂ ಇದೇ ಅರಿವಿನಿಂದಲೇ ಇರಬೇಕು. ಅಭಯವು ಕೊಡುವ ವಸ್ತು. ಕೊಡುವವನ ಹತ್ತಿರ ಮೊದಲೇ ಕೂಡಿಟ್ಟಿರಬೇಕಾದ ವಸ್ತುವೇನಲ್ಲ.

ಅಭಿನವಗುಪ್ತನು ಭಯಾನಕ ರಸವನ್ನು ವಿವರಿಸುವಾಗ ಶಾಕುಂತಲದ ಮೊದಲ ಅಂಕದ ಜಿಂಕೆಯನ್ನು ಉದಾಹರಿಸಿದ್ದಾನೆ. ದುಷ್ಯಂತನ ರಥವು ಬೆನ್ನಟ್ಟಿದೆ. ಜಿಂಕೆಯು ಕೊರಳನ್ನು ಹಿಂದಕ್ಕೆ ತಿರುಗಿಸಿ ರಥವನ್ನು ನೋಡುತ್ತ ಓಡುತ್ತಿದೆ. ಆ ಭಯವು ಜಿಂಕೆಯದೆಂದಾಗಲಿ ನನ್ನದೆಂದಾಗಲಿ ಶತ್ರುವಿನದೆಂದಾಗಲಿ ಮಿತ್ರನದೆಂದಾಗಲಿ ಗೆರೆ ಕೊರೆಯಲಾಗದಂತೆ, ದೇಶಕಾಲಗಳ ಕಟ್ಟನ್ನು ಕಳಚಿ, ಬರಿಯ ಭಯವಾಗಿ ಸಹೃದಯನ ಹೃದಯವನ್ನು ಹೊಗುವುದೆಂದು ಅವನು ಹೇಳುತ್ತಾನೆ. ನಾಟಕದ ರಾಜನಿಗೆ ಮಾತ್ರ ಈ ಸಾಧಾರಣೀಕರಣವು ಆಗಿರಲಿಲ್ಲ. ಅವನು ಜಿಂಕೆಯ ಕೊರಳಿನ ಬಳುಕಿನ ಚೆಲುವನ್ನು ಕ್ಷಣಕ್ಷಣವೂ ವರ್ಣಿಸುತ್ತಲೇ ಹೆದೆಯನ್ನು ಎಳೆದಿದ್ದನು. ಆಶ್ರಮದ ತಪಸ್ವಿಯೊಬ್ಬನು ಅಡ್ಡಬಂದು, ಆರ್ತರನ್ನು ಕಾಯಬೇಕಾದ ಬಾಣವಿದೆಂದು ನೆನಪಿಸಬೇಕಾಯಿತು. ಎಸ್.ಎಂ.ಳಿಗೆ ಕಣ್ಣನ್ನು ನೋಡು ಎಂದು ಹೇಳಿದ ದನಿಗೂ ಆ ತಪಸ್ವಿಯ ದನಿಗೂ ನನಗೆ ದೂರ ಕಾಣುವುದಿಲ್ಲ.

ಆಡೂರಿನಿಂದ ಹಾನಗಲ್ಲಿಗೆ ಹೋಗುವಾಗಲೆಲ್ಲ ಇನ್ನೊಂದು ಅಂಜಿದ ಮುಖವು ನೆನಪಾಗುವುದು. ಹಿಂದೆ ಪಾನುಂಗಲ್ಲೆನಿಸಿದ್ದ ಆ ಊರೇ ಮಹಾಭಾರತದ ವಿರಾಟನಗರವೆಂಬುದು ಈ ಸೀಮೆಯ ನಂಬಿಕೆ. ಕುಂತಿಯ ದಿಬ್ಬವೆಂಬ ದಿಣ್ಣೆಯನ್ನು ಇಂದಿಗೂ ಅಲ್ಲಿ ತೋರಿಸುವರು. ಹಾಗಾದರೆ ಉತ್ತರಕುಮಾರನು ಕೌರವಸೇನೆಯನ್ನು ಕಂಡು ರಥದಿಂದ ಹಾರಿ ಓಡಿದ ಹೊಲಗಳು ಇವೇ. ಗದುಗಿನ ಭಾರತವನ್ನು ವಾಚನ ಮಾಡುವಾಗ ಈ ಪ್ರಸಂಗಕ್ಕೆ ಬಂದಾಗ ಜನರು ಹೊಟ್ಟೆ ಹುಣ್ಣಾಗುವಂತೆ ನಗುವರು; ಬಾಯಲ್ಲಿ ಬಡಾಯಿ ಕೊಚ್ಚಿದವನು ಬಯಲಿನಲ್ಲಿ ಬೆವರಿದನೆಂಬ ಸಂತೋಷ ಅದು. ನಾನೂ ನಕ್ಕವನೇ. ಆದರೆ ವಯಸ್ಸಾದಂತೆ ನನ್ನ ಕಣ್ಣು ಆ ಹುಡುಗನನ್ನು ಬಿಟ್ಟು ಅವನ ಹಿಂದೆ ಓಡಿದವನ ಮೇಲೆ ನೆಟ್ಟಿದೆ. ಹೆಣ್ಣುಡುಗೆಯುಟ್ಟ, ಜಡೆ ಬೆನ್ನಿಗೆ ಬಡಿಯುತ್ತಿದ್ದ ಬೃಹನ್ನಳೆಯನ್ನು ಕೌರವಸೈನ್ಯವೆಲ್ಲ ನೋಡಿ ನಗುತ್ತಿತ್ತು. ಅವನಿಗೆ ಅದು ಲಕ್ಷ್ಯದಲ್ಲಿರಲಿಲ್ಲ. ಹುಡುಗನನ್ನು ಹಿಡಿದು ನಿಲ್ಲಿಸಿ, ಬಿಟ್ಟುಬಿಟ್ಟರೆ ಹೊನ್ನು ಕೊಡುವೆನು, ರಥ ಕೊಡುವೆನು ಎಂದು ಹಲುಬುತ್ತಿದ್ದ ಅವನನ್ನು ಸಂತೈಸಿ, ಯುದ್ಧದ ಭಾರವನ್ನು ತಾನು ಹೊತ್ತು, ಕುದುರೆಗಳ ವಾಘೆಯನ್ನು ಅವನ ಕೈಗೆ ಕೊಟ್ಟನು. ನಡುಗುವ ಕೈಗೆ ಒಂದು ಕೆಲಸ ಸಿಕ್ಕಿತು. ಅರ್ಜುನನು ಮುಂದೆ ಕುರುಕ್ಷೇತ್ರದಲ್ಲಿ ತಾನೇ ನಡುಗಿ, ರೋಮಾಂಚನಗೊಂಡು, ಬಿಲ್ಲು ಕೈಜಾರಿ ಕುಳಿತಾಗ, ಮತ್ತೊಬ್ಬ ಸಾರಥಿಯು ಅವನ ಮುಖವನ್ನು ನೋಡಿದನು. ಉತ್ತರನ ನಡುಕವನ್ನು ಕಂಡಿದ್ದ ಅರ್ಜುನನಿಗೆ ತನ್ನ ನಡುಕದ ಅರ್ಥವು ಹೊಸದಾಗಿರಲಿಲ್ಲ.

ಮನುಷ್ಯನ ಮುಖವನ್ನು ನೋಡುವುದೇ ಕಷ್ಟವಾಗಿರುವಾಗ ಮೂಕಪ್ರಾಣಿಯ ಮುಖದ ಮಾತೇನು? ದನ ಕಾಯ್ದವರಿಗೆ ತಿಳಿಯದ ವಿಷಯವಲ್ಲ; ಎತ್ತು ಬೆದರಿತೆಂಬುದನ್ನು ನಮ್ಮ ರೈತನು ಅದರ ಕಣ್ಣ ಬಿಳುಪಿನಿಂದಲೇ ಹೇಳುವನು. ಕಣ್ಣ ಬಿಳುಪು ಎಷ್ಟು ಕಾಣುತ್ತದೆಂಬುದರಿಂದ ಹಸುವಿನ ತಳಮಳವನ್ನು ಅಳೆಯಬಹುದೆಂದು ನಾರ್ವೆಯ ವಿಜ್ಞಾನಿಗಳು ೨೦೦೨ರಲ್ಲಿ ಬರೆದರು. ಹೋರಿಯ ಮೈ ತಿಕ್ಕಿ, ಹಿಂಡಿ ಹುರುಳಿ ತಿನ್ನಿಸಿ, ಅದನ್ನು ಮನೆಯ ಮಗನಂತೆ ಸಾಕುವ ಒಡೆಯನ ಪ್ರೀತಿಯನ್ನು ನಾನು ಕಣ್ಣಾರೆ ಕಂಡಿದ್ದೇನೆ. ಓಟ ಮುಗಿದ ಹೋರಿಯ ಹಣೆಗೆ ಅಂಗೈಯೊತ್ತಿ, ಅದರ ಮೋರೆಗೆ ಮೋರೆಯಿಟ್ಟು, "ಅಂಜಬ್ಯಾಡೋ ನನ್ನಪ್ಪ, ಮುಗೀತು, ಅಂಜಬ್ಯಾಡ" ಎನ್ನುವ ಮುದುಕನನ್ನೂ ಕಂಡಿದ್ದೇನೆ. ಹಾಗೆಯೇ ಆ ಆಟದ ಹೆಸರಿನಲ್ಲಿಯೇ ಬೆದರಿಸುವುದೆಂಬ ಮಾತಿರುವುದೂ ನಿಜ. ಈ ಎರಡನ್ನೂ ಒಟ್ಟಿಗೆ ಎದೆಯಲ್ಲಿಟ್ಟುಕೊಳ್ಳುವುದು ನನಗೆ ಸುಲಭವಾಗಿಲ್ಲ. ನಾನು ಅಂದು ಹಾರಿ ಬದುಕಿದೆನು; ಗಳಗಳನ್ನು ಮುರಿದು ನುಗ್ಗಿದ ಆ ಹೋರಿಯ ಕಣ್ಣು ಹೇಗಿತ್ತೆಂದು ಎಷ್ಟೋ ವರುಷ ನಾನು ಕೇಳಿಕೊಂಡೇ ಇರಲಿಲ್ಲ.

ಕವಿ ಜನ್ನನು ಕ್ರಿ.ಶ. ೧೨೦೯ರಲ್ಲಿ ಮುಗಿಸಿದ ಯಶೋಧರ ಚರಿತೆಯಲ್ಲಿ ಅಭಯವೆಂಬ ಶಬ್ದವೇ ಎರಡು ಮಕ್ಕಳ ಹೆಸರಾಗಿದೆ. ಮಾರಿದತ್ತನೆಂಬ ಅರಸನು ಚಂಡಮಾರಿಗೆ ಬಲಿ ಕೊಡುವುದಕ್ಕಾಗಿ, ಎಳೆಯ ವಯಸ್ಸಿನ ಅಣ್ಣತಂಗಿಯರಾದ ಅಭಯರುಚಿ, ಅಭಯಮತಿಯರನ್ನು ಗುಡಿಗೆ ಎಳೆತರಿಸುವನು. ಬಲಿಯ ಎದುರು ನಿಂತ ಅರಸನ ಕಣ್ಣು ಅಭ್ಯಾಸಬಲದಿಂದ ಏನನ್ನು ನಿರೀಕ್ಷಿಸಿತ್ತೋ ಅದು ಆ ಮುಖಗಳಲ್ಲಿ ಇರಲಿಲ್ಲ. ಅವರು ಅಂಜಿಕೆಯನ್ನು ಅರಿಯದ ಮಕ್ಕಳೆ? ಅಲ್ಲ. ಹಿಂದೊಂದು ಜನ್ಮದಲ್ಲಿ ತಾಯಿಮಗನಾಗಿದ್ದು, ಜೀವವನ್ನು ಕೊಲ್ಲಲೊಲ್ಲದೆ ಹಿಟ್ಟಿನ ಕೋಳಿಯನ್ನು ಕಡಿದು, ಕಡಿದಾಗ ಆ ಹಿಟ್ಟು ಕೂಗಿದುದನ್ನು ಕೇಳಿ, ಆ ಸಂಕಲ್ಪಹಿಂಸೆಯ ಫಲವಾಗಿ ನವಿಲಾಗಿ, ನಾಯಾಗಿ, ಮೀನಾಗಿ, ಆಡಾಗಿ, ಕೋಳಿಯಾಗಿ, ಹುಟ್ಟಿದ ಪ್ರತಿ ಸಲವೂ ಬೇಟೆಗೋ ಕತ್ತಿಗೋ ಬಾಯಿಗೋ ಈಡಾಗಿ ಸತ್ತವರು ಅವರು. ಬೆದರಿದ ಕಣ್ಣನ್ನು ಒಳಗಿನಿಂದ ಬಲ್ಲವರು. ಬಾದಾಮಿಯಿಲ್ಲದವಳ ನಿರ್ಭಯಕ್ಕೂ ಇವರ ಅಭಯಕ್ಕೂ ನಡುವೆ ಅಷ್ಟೂ ಜನ್ಮಗಳ ಅಂಜಿಕೆಯಿದೆ.

ಅಭಯವನ್ನು ಬೇಡಬೇಕಾದವರು ಅಲ್ಲಿ ಬೇಡಲಿಲ್ಲ. ಕತ್ತಿ ಹಿಡಿದವನೇ ಅದನ್ನು ಅವರಿಂದ ಪಡೆದನು. ಅವನು ಹಿಂಸೆಯನ್ನು ತೊರೆದುದು ಕಥೆಯನ್ನೆಲ್ಲ ಕೇಳಿದ ಮೇಲೆ. ಕಥೆ ಮೊದಲಾದುದು ಮಾತ್ರ, ಗುಡಿಯ ಆ ಗದ್ದಲದ ನಡುವೆ, ಅವನು ಆ ಇಬ್ಬರು ಮಕ್ಕಳ ಮುಖವನ್ನು ನೋಡಿ, ನೀವು ಯಾರು, ನಿಮಗೇಕೆ ಅಂಜಿಕೆಯಿಲ್ಲವೆಂದು ಕೇಳಿದಾಗ.